ಒಂದು, ಮೂರು, ನಾಲ್ಕು, ಎರಡು

ಬಾಳೆಎಲೆಯ ಮುಂದೆ ಕೂತು, ಹಸಿದ ಹೊಟ್ಟೆಯಲ್ಲಿ ಯಾವ ಗಂಡಸೂ ಮಾತು ಕೊಡಬಾರದು. ಅಜ್ಜಂಪುರದ ಹಿಟ್ಟಿನ ಗಿರಣಿ ಚಿಕ್ಕಬೀರಪ್ಪ ತನ್ನ ಮದುವೆಯ ದಿನವೇ ಕೊಟ್ಟುಬಿಟ್ಟಿದ್ದ.

ಆವತ್ತು ಚೌಳಹಿರಿಯೂರಿಗೆ ದಿಬ್ಬಣ ಎತ್ತಿನ ಗಾಡಿಗಳಲ್ಲಿ ಹೋಗಿತ್ತು. ಊರು ಇನ್ನೇನು ಬಂತು ಅನ್ನುವಾಗ ಮದುಮಗನ ಗಾಡಿಯ ಕಡಾಣಿ ಕಳಚಿ, ಚಕ್ರ ಒಂದು ದಾರಿ ಹಿಡಿಯಿತು, ಗಾಡಿ ಇನ್ನೊಂದು ದಾರಿ ಹಿಡಿಯಿತು. ಉಳಿದವರು ಗಾಡಿ ಎತ್ತುವುದರಲ್ಲಿದ್ದರು. ಚಕ್ರ ಹುಡುಕಲು ಬಿಡುವಿದ್ದದ್ದು ಮದುಮಗನಿಗೆ ಮಾತ್ರ. ಹಾಗಾಗಿ ಚಿಕ್ಕಬೀರಪ್ಪ ಬಾಸಿಂಗ ಕಟ್ಟಿಕೊಂಡೇ ಚಕ್ರ ಉರುಳಿಸುತ್ತಾ ಮಾವನ ಊರೊಳಗೆ ಪಾದ ಬೆಳೆಸಿದ. ಊಟದ ಹೊತ್ತಿಗೆ, ಆಗತಾನೇ ಮೀಸೆ ಚಿಗುರುತ್ತಿದ್ದ ಭಾವಮೈದ ಹನುಮಂತಪ್ಪ ಪಾಯಸದ ಪಾತ್ರೆ ಹಿಡಿದು ಬಂದವನೇ, "ಭಾವ, ಬ್ಯಾರೆ ಮದುಮಕ್ಳು ಗಾಡಿ ಮ್ಯಾಲೆ ಬತ್ತಾರೆ. ನೀವು ಗಾಡಿನೇ ಉಳ್ಳುಸ್ಕಂಡ್ ಬಂದ್ರಲ್ಲ!" ಅಂದ. ಇಡೀ ಪಂಕ್ತಿ ಎಲೆ ಹಾರುವಂತೆ ನಕ್ಕಿತು.

ಚಿಕ್ಕಬೀರಪ್ಪ ಎದ್ದು ನಿಂತ. "ಕೇಳ್ರಯ್ಯಾ! ಕಾಂತಮ್ಮನ್ನ ನನ್ ಸ್ವಂತ ಕಾರಲ್ಲಿ ಕೂರಿಸ್ಕಂಡ್ ಬಂದು ಈ ಅಂಗಳದಾಗೆ ಇಳಿಸ್ತೀನಿ. ಅಲ್ಲೀಗಂಟ ಈ ಮನೆ ಅನ್ನ ಮುಟ್ಟಿದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ!"

ಅಂದದ್ದೇ ಪಾಯಸದ ವಾಸನೆ ಮೂಗಿಗೆ ಬಡಿಯಿತು. ಆದರೆ ಮಾತು ಆಡಿ ಆಗಿತ್ತು.

ಅಂದಿನಿಂದ ಹಬ್ಬ, ಹರಿದಿನ, ಬೀಗರ ಊಟ ಯಾವುದೇ ಬರಲಿ, ಕಾಂತಮ್ಮ ಒಳಗೆ ಹೋಳಿಗೆ ಮುರಿಯುವಾಗ ಚಿಕ್ಕಬೀರಪ್ಪ ಹೊರಗೆ ಜಗಲಿಯ ಮೇಲೆ ಕೂತು ತುಪ್ಪದ ಪರಿಮಳ ಎಣಿಸುತ್ತಿದ್ದ. ಅತ್ತೆ ಲಿಂಗಮ್ಮನ ಕೈ ಹೋಳಿಗೆ ಸುತ್ತಲ ಹತ್ತು ಹಳ್ಳಿಗೆ ಹೆಸರಾದದ್ದು. ಚೌಳಹಿರಿಯೂರಿನವರು, "ಅಳಿಯ ಅಂದ್ರೆ ಇವ್ನು ಕಣ್ರೀ, ಒಂದು ಮಾತು ಅಂದ್ರೆ ಒಂದೇ ಮಾತು" ಎಂದು ಕೊಂಡಾಡುತ್ತಾ ಕೈ ತೊಳೆಯಲು ಹೋಗುತ್ತಿದ್ದರು.

ಎಮರ್ಜೆನ್ಸಿ ಮುಗಿದ ಮರುವರ್ಷ ಕಾರು ಬಂತು. ತರೀಕೆರೆಯ ಡಾಕ್ಟರೊಬ್ಬರ ಹಳೇ ಅಂಬಾಸಿಡರ್. ಇಂಜಿನ್ ತಿರುಗದಂತೆ ಬಿಗಿದು ಹಿಡಿದುಕೊಂಡು ನಿಂತು ಎಷ್ಟು ಕಾಲವಾಗಿತ್ತೆಂದರೆ, ಬಾನೆಟ್ ಎತ್ತಿದಾಗ ಒಳಗೆ ಕಾವು ಕೂತಿದ್ದ ಕೋಳಿಯೊಂದು "ಯಾರು ನೀವು?" ಎಂಬಂತೆ ನೋಡಿತು. ಚಿಕ್ಕಬೀರಪ್ಪ ಕೋಳಿಯನ್ನು ಡಾಕ್ಟರಿಗೆ ಒಪ್ಪಿಸಿ, ಕಾರನ್ನು ಎಳೆಸಿಕೊಂಡು ಬಂದು ಗಿರಣಿಯ ಪಕ್ಕದ ಅಂಗಳದಲ್ಲಿ ನಿಲ್ಲಿಸಿದ. ತರೀಕೆರೆಯ ಮೆಕ್ಯಾನಿಕ್ ಅಂಜಿನಪ್ಪ ಬಿಡುವಾದಾಗಲೆಲ್ಲ ಬಂದು ಇಂಜಿನ್ ಬಿಚ್ಚಿದ, ಸಿಲಿಂಡರ್ ಬೋರ್ ಮಾಡಿಸಿದ, ಹೊಸ ಪಿಸ್ಟನ್, ಹೊಸ ರಿಂಗು ಹಾಕಿದ, ಮತ್ತೆ ಕಟ್ಟಿದ. ಕಟ್ಟಿದ ಮೇಲೆ ಎರಡು ನಟ್ಟು ಮಿಕ್ಕಿದವು. "ಕಂಪ್ನಿಯೋರು ಯಾವಾಗ್ಲೂ ಹೆಚ್ಗೇ ಕೊಡ್ತಾರೆ" ಎಂದು ಅವನ್ನು ಜೇಬಿಗೆ ಹಾಕಿಕೊಂಡ.

ಇಂಜಿನ್ ಸಿದ್ಧವಾಗುವುದಕ್ಕೂ ಹನುಮಂತಪ್ಪನ ಮಗುವಿಗೆ ಹೆಸರಿಡುವ ಶಾಸ್ತ್ರ ಬರುವುದಕ್ಕೂ ಸರಿಹೋಯಿತು. ಸೋದರತ್ತೆ ಬಂದು ಮಗುವಿನ ಕಿವಿಯಲ್ಲಿ ಹೆಸರು ಉಸುರದೆ ತೊಟ್ಟಿಲು ತೂಗುವ ಹಾಗಿಲ್ಲ. ಆ ಮಗುವಿಗೆ ಇದ್ದ ಸೋದರತ್ತೆ ಒಬ್ಬಳೇ, ಕಾಂತಮ್ಮ. ಚಿಕ್ಕಬೀರಪ್ಪ ಹಿಂದಿನ ದಿನದಿಂದಲೇ ಊಟ ಕಮ್ಮಿ ಮಾಡಿದ್ದ. ಇಷ್ಟು ವರ್ಷದ ಹೋಳಿಗೆ ಬಾಕಿ ತೀರಬೇಕಿತ್ತಲ್ಲ.

ಬೆಳಗ್ಗೆ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಕಾಂತಮ್ಮ ಮೊಳಕಾಲ್ಮೂರು ಸೀರೆ ಉಟ್ಟು, ಕುಲಾವಿ, ಉಡುದಾರ ಇಟ್ಟ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇನ್ನೇನ್ ಹೊರಡಾದೇ ಕಣೇ" ಎಂದ ಚಿಕ್ಕಬೀರಪ್ಪ. ಅವನೂ ಬಿಳೀ ಶರಟು, ಜರಿಯಂಚಿನ ಪಂಚೆಯಲ್ಲಿದ್ದ.

"ಎಲ್ಲಿಗೆ ಹೊರಡಾದು?" ಅಂಜಿನಪ್ಪ ಬಾನೆಟ್ಟಿನೊಳಗಿಂದ ತಲೆ ಎತ್ತಿದ. "ಹೊಸ್ದಾಗಿ ಕಟ್ಟಿದ ಇಂಜಿನ್ನು. ಮೊದ್ಲು ಮ್ಯಾಲಕ್ಕೆ ಆಯಿಲ್ ಏರ್ತೈತಾ ನೋಡ್ಬೇಕು. ಆಯಿಲ್ ಬರ್ದೆ ಸ್ಟಾರ್ಟ್ ಮಾಡಿದ್ರೆ ಒಂದು ಮೈಲಿ ಹೋಗಾದ್ರೊಳಗೆ ಹಿಡ್ಕಂಬಿಡ್ತೈತೆ. ಆಮೇಲೆ ಟೈಮಿಂಗ್ ಕೂರಿಸ್ಬೇಕು."

ಅವನು ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿಟ್ಟ. ಒಳಗೆ ಸಾಲಾಗಿ ಕೂತ, ರಾಕರ್ ಎಂಬ ಕಬ್ಬಿಣದ ಪುಟ್ಟ ಸನ್ನೆಗಳು ಕಾಣಿಸಿದವು. ಪ್ಲಗ್ಗು ಕಳಚಿ, ಚಿಕ್ಕಬೀರಪ್ಪನ ಕೈಗೆ ಹ್ಯಾಂಡಲ್ ಕೊಟ್ಟ. "ತಿರುಗ್ಸಿ ಅಣ್ಣ. ತಳದಾಗಿರೋ ಆಯಿಲ್ಲು ಪಂಪಲ್ಲಿ ಏರಿ ಇಲ್ಲಿ ಜಿನುಗ್ಬೇಕು."

ಚಿಕ್ಕಬೀರಪ್ಪ ತಿರುಗಿಸಿದ. ಜಿನುಗಿದ್ದು ಅವನ ಬೆವರು ಮಾತ್ರ.

ಅಷ್ಟರಲ್ಲಿ ಪಕ್ಕದ ಮನೆಯ ಕೆಂಚಪ್ಪ ಬಂದ. ಕೆಂಚಪ್ಪ ರೈಲ್ವೆಯಲ್ಲಿ ಗೇಟು ಕಾಯುವ ಕೆಲಸದಲ್ಲಿದ್ದು ರಿಟೈರಾದವನು. ಜೀವಮಾನವಿಡೀ ಇಂಜಿನ್ನುಗಳು ತನ್ನ ಮುಂದೆ ಹಾದುಹೋಗುವುದನ್ನು ನೋಡಿದ್ದರಿಂದ ಇಂಜಿನ್ನಿನ ವಿದ್ಯೆಯೆಲ್ಲ ಗಾಳಿಯಲ್ಲೇ ತನಗೆ ಬಂದಿದೆ ಎಂದು ನಂಬಿದ್ದ. ಹಸಿರು ಬಾವುಟ, ಕೆಂಪು ಬಾವುಟ ಎರಡೂ ಕಂಕುಳಲ್ಲಿದ್ದವು. ಅವನು ಸಂತೆಗೂ ಅವಿಲ್ಲದೆ ಹೋಗುತ್ತಿರಲಿಲ್ಲ.

"ಲೇ ಬೀರ, ಕಲ್ಲಿದ್ದಲು ತಿನ್ನೋ ಇಂಜಿನ್ ನೋಡ್ದೋನು ನಾನು. ಇದು ಅದರ ಮೊಮ್ಮಗು. ಜೋರಾಗಿ ತಿರುಗ್ಸು!"

ಅವನ ಹಿಂದೆಯೇ ಎದುರುಮನೆಯ ತೀರ್ಥಮ್ಮ ಬಂದಳು. "ಏನ್ ಚಿಕ್ಕಬೀರಣ್ಣ, ಇದು ಗಿರಣಿಗೆ ಹೊಸಾ ಬೀಸೋಕಲ್ಲಾ?"

ಚಿಕ್ಕಬೀರಪ್ಪನಿಗೆ ಏದುಸಿರು ಬಂದಿತ್ತು. ನಾಲಿಗೆ ಹೊರಗಿತ್ತು. ಹ್ಯಾಂಡಲ್ ಬಿಟ್ಟು ಬೇವಿನ ನೆರಳಲ್ಲಿ ಅಂಗಾತ ಬಿದ್ದ. ಅಂಜಿನಪ್ಪ, ತಳದಲ್ಲಿ ಎಲ್ಲಾದರೂ ಸೋರುತ್ತಿದೆಯೋ ಎಂದು ಕಾರಿನಡಿಗೆ ತೆವಳಿದ.

ಸ್ವಲ್ಪ ಹೊತ್ತಿಗೆ ತೀರ್ಥಮ್ಮ ಕೂಗಿದಳು. "ಬಂತೂ! ಎಣ್ಣೆ ಬಂತು ಕಣ್ರೋ!"

ಎಲ್ಲರೂ ಎದ್ದುಬಿದ್ದು ಓಡಿ ನೋಡಿದರು. ರಾಕರ್‌ಗಳು ಅಭ್ಯಂಜನ ಮಾಡಿಸಿಕೊಂಡ ಮದುಮಗನಂತೆ ಮಿರಮಿರ ಮಿಂಚುತ್ತಿದ್ದವು. ಚಿಕ್ಕಬೀರಪ್ಪ ಪಂಚೆ ಎತ್ತಿ ಕಟ್ಟಿ ಒಂದು ಸುತ್ತು ಕುಣಿದೇಬಿಟ್ಟ. ಕೆಂಚಪ್ಪ ಹಸಿರು ಬಾವುಟ ಬೀಸಿದ. ಅಂಜಿನಪ್ಪನೂ ಒಂದು ರಾಕರ್ ಸವರಿ ನೋಡಿ, "ನಾನ್ ಕಟ್ಟಿದ್ದು ಅಂದ್ರೆ ಸುಮ್ನೆನಾ?" ಎಂದು ಮೀಸೆ ಮುಟ್ಟಿದ. ಮುಟ್ಟಿದ ಬೆರಳನ್ನು ಮೂಸಿದ. ಮತ್ತೊಮ್ಮೆ ಮೂಸಿದ.

"ಮೆಂತ್ಯದ ವಾಸ್ನೆ ಬತ್ತೈತಲ್ಲ!"

ಆಗ ಚಿಕ್ಕಬೀರಪ್ಪನ ತಾಯಿ ಹಾಲಮ್ಮ ಖಾಲಿ ಬಟ್ಟಲನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಮುಂದೆ ಬಂದಳು. "ನಾನೇ ಕಣಪ್ಪ ಹಚ್ಚಿದ್ದು. ಬೆಳಗ್ಗಿಂದ ಎಣ್ಣೆ ಬರ್ಲಿಲ್ಲ, ಎಣ್ಣೆ ಬರ್ಲಿಲ್ಲ ಅಂತ ಗಂಡಸ್ರು ಗೋಳಾಡ್ತಿದ್ರಿ. ಪಾಪ, ಒಣಗಿ ಬಿಕೋ ಅಂತಿತ್ತು. ಕೊಬ್ರಿ ಎಣ್ಣೆಗೆ ಮೆಂತ್ಯ ಹಾಕಿ ಬೆಚ್ಚಗೆ ಮಾಡಿ, ಕೂಸಿಗೆ ತಟ್ಟಿದಂಗೆ ತಟ್ಟಿ ಹಚ್ಚಿವ್ನಿ. ಇದಕ್ಕೆ ಇಷ್ಟು ಜನ ಯಾಕೆ ಬೇಕಿತ್ತು?"

ಅಂಜಿನಪ್ಪ ನೆಲದ ಮೇಲೆ ಕೂತುಬಿಟ್ಟ. "ಅಜ್ಜೀ, ಅದು ಒಳಗಿಂದ ಬರ್ಬೇಕು!"

"ಒಳಗಿಂದ ಬರೋದು ಬುದ್ಧಿ. ಎಣ್ಣೆ ಮ್ಯಾಲಿಂದಾನೇ ಹಚ್ಚಾದು" ಎಂದಳು ಹಾಲಮ್ಮ.

ಅಷ್ಟನ್ನೂ ಒರೆಸಲು ಬಟ್ಟೆ ಬೇಕಾಯಿತು. ಕೈಗೆ ಸಿಕ್ಕಿದ್ದು ಚಿಕ್ಕಬೀರಪ್ಪನ ಜರಿಯಂಚಿನ ಪಂಚೆ. ಅವನು ಒಳಗೆ ಹೋಗಿ ಪಟಾಪಟಿ ಚಡ್ಡಿಯ ಮೇಲೆ ಹಳೇ ಲುಂಗಿ ಸುತ್ತಿಕೊಂಡು ಬಂದ. ಅಂಜಿನಪ್ಪ ಯೋಚನೆ ಮಾಡಿ, ಪಂಪಿನ ಪೈಪು ಬಿಚ್ಚಿ, ಅದರ ಬಾಯಿಗೇ ಆಯಿಲ್ ಹುಯ್ದು ಮತ್ತೆ ಬಿಗಿದ. "ಬಾಯೊಣಗಿತ್ತು ಅಷ್ಟೇಯ. ಈಗ ತಿರುಗ್ಸಿ."

ಚಿಕ್ಕಬೀರಪ್ಪ ಹಲ್ಲು ಕಚ್ಚಿ ತಿರುಗಿಸಿದ. ಕೆಂಚಪ್ಪ ರಾಕರ್‌ಗಳನ್ನೇ ನೋಡುತ್ತಾ, "ಇಲ್ಲ... ಇಲ್ಲ... ಇಲ್ಲ..." ಎಂದು ವರದಿ ಕೊಡುತ್ತಿದ್ದ. ಸಂಶಯ ಬಂದು ಚಿಕ್ಕಬೀರಪ್ಪ ತಾನೇ ಬಗ್ಗಿ ನೋಡುವುದಕ್ಕೂ, ಅಂಜಿನಪ್ಪ ಹ್ಯಾಂಡಲ್ ಹಿಡಿದು ನಾಲ್ಕು ಸುತ್ತು ಬಿಗಿಯಾಗಿ ಎಳೆಯುವುದಕ್ಕೂ ಒಂದೇ ಆಯಿತು. ಪಿಚಕ್ ಎಂದು ಆಯಿಲ್ ಚಿಮ್ಮಿ ಬಿಳೀ ಶರಟಿನ ಮೇಲೆ ಎಡದಿಂದ ಬಲಕ್ಕೆ ಜನಿವಾರ ಎಳೆಯಿತು.

"ಬಂತು!" ಎಂದ ಕೆಂಚಪ್ಪ.

"ಕಾಣ್ತೈತೆ" ಎಂದ ಚಿಕ್ಕಬೀರಪ್ಪ, ಕಣ್ಣೊರೆಸಿಕೊಳ್ಳುತ್ತಾ.

ಬಾಗಿಲಲ್ಲಿ ನಿಂತಿದ್ದ ಕಾಂತಮ್ಮ ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಅದು ಒಳ್ಳೆಯ ಲಕ್ಷಣವಲ್ಲ ಎಂದು ಚಿಕ್ಕಬೀರಪ್ಪನಿಗೆ ಗೊತ್ತಿತ್ತು.

ಇನ್ನು ಟೈಮಿಂಗ್. ಅಂಜಿನಪ್ಪ ಒಂದನೇ ಪ್ಲಗ್ಗಿನ ತೂತಿಗೆ ಹೆಬ್ಬೆರಳಿಟ್ಟು, ಹ್ಯಾಂಡಲ್ ತಿರುಗಿಸಿ, ಪಿಸ್ಟನ್ ಮೇಲೆ ಬಂದದ್ದನ್ನು ಗಾಳಿಯ ಒತ್ತಡದಲ್ಲೇ ಗುರುತು ಹಿಡಿದ. "ಪಿಸ್ಟನ್ ಮ್ಯಾಲ್ ಬರೋ ಹೊತ್ಗೆ ಸರ್ಯಾಗಿ ಕಿಡಿ ಹಾರ್ಬೇಕು. ಮುಂಚೆ ಹಾರಿದ್ರೆ ಒದೀತೈತೆ, ತಡ ಆದ್ರೆ ಕೆಮ್ತೈತೆ." ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ತುಸು ತಿರುಗಿಸಿ ಕೂರಿಸಿದ. ಮುಚ್ಚಳ ಬಿಗಿದ, ಪ್ಲಗ್ಗು ಹಾಕಿದ, ನಾಲ್ಕು ವೈರು ಸಿಕ್ಕಿಸಿದ. ಕೈ ತೊಳೆಯಲು ಹಿತ್ತಲಿಗೆ ಹೋದ.

ಕೆಂಚಪ್ಪ ಬಗ್ಗಿ ನೋಡಿದ. ವೈರುಗಳು ಒಂದರ ಮೇಲೊಂದು ಹೆಣೆದುಕೊಂಡು ನಾಗರಪಂಚಮಿಯ ಹುತ್ತದ ಹಾಗಿದ್ದವು. ಒಂದನೇ ಪ್ಲಗ್ಗಿನ ವೈರಾದ ಮೇಲೆ ಮೂರನೆಯದು, ಆಮೇಲೆ ನಾಲ್ಕು, ಕೊನೆಗೆ ಎರಡು! ಬೋಗಿಗಳು ಸಾಲು ತಪ್ಪಿದ ರೈಲನ್ನು ಕೆಂಚಪ್ಪ ತನ್ನ ಸರ್ವೀಸಿನಲ್ಲೇ ಬಿಟ್ಟವನಲ್ಲ. "ಅವಸರದಾಗೆ ಹುಡುಗ ತಪ್ಪು ಮಾಡವ್ನೆ" ಎಂದುಕೊಂಡು, ಯಾರಿಗೂ ಹೇಳಿ ಅವಮಾನ ಮಾಡದೆ, ಒಂದು, ಎರಡು, ಮೂರು, ನಾಲ್ಕು ಎಂದು ಓರಣವಾಗಿ ಜೋಡಿಸಿಟ್ಟ.

ಅಂಜಿನಪ್ಪ ಬಂದು ಸ್ಟಾರ್ಟರ್ ಎಳೆದ.

ಢಮ್!

ತೀರ್ಥಮ್ಮ ಒಣಹಾಕಿದ್ದ ಹಪ್ಪಳ ಹಾರಿತು. ಗಿರಣಿಗೆ ರಾಗಿ ತಂದಿದ್ದವನು ಚೀಲ ಬಿಟ್ಟು ಸ್ಟೇಷನ್ ಕಡೆ ಓಡಿದ. ಒಂದು ನಾಯಿ ಆ ಓಣಿಗೆ ಅಂದಿನಿಂದ ಮತ್ತೆ ಬರಲೇ ಇಲ್ಲ.

"ಮುಂಚೆ ಹಾರ್ತೈತೆ. ಹಿಂದಕ್ಕೆ ತಿರುಗ್ಸಿ!" ಎಂದ ಅಂಜಿನಪ್ಪ. ಚಿಕ್ಕಬೀರಪ್ಪ ಡಿಸ್ಟ್ರಿಬ್ಯೂಟರ್ ಹಿಂದಕ್ಕೆ ತಿರುಗಿಸಿದ. ಖೊಳ್ ಖೊಳ್ ಎಂದಿತು. ಮುಂದಕ್ಕೆ ತಿರುಗಿಸಿದ. ಢಮ್ ಎಂದಿತು. ಕೆಂಚಪ್ಪ ಹಿಂದಕ್ಕೆ ಕೆಂಪು, ಮುಂದಕ್ಕೆ ಹಸಿರು ಬಾವುಟ ಹಿಡಿದು ಮಾರ್ಗದರ್ಶನ ಮಾಡಿದ. ಹಾಲಮ್ಮ ನಿಂಬೆಹಣ್ಣು ನಿವಾಳಿಸಿ ಚಕ್ರದಡಿ ಇಟ್ಟಳು. ತೀರ್ಥಮ್ಮ, "ಇದಕ್ಕೆ ಶೀತ ಆಗೈತೆ. ಯಾರು ಹೇಳಿದ್ರು ತಲೆ ತುಂಬಾ ಎಣ್ಣೆ ಹಚ್ಚು ಅಂತ?" ಎಂದು ಹಾಲಮ್ಮನ ಮೇಲೆ ಹಾಯ್ದಳು.

ಕಾಂತಮ್ಮ ಅಂಗಳಕ್ಕಿಳಿದಳು. "ಅಲ್ಲಿ ಕೂಸು ಹೆಸ್ರಿಲ್ದೆ ಮಲಗೈತೆ. ನಾನು ಬಸ್ಸಿಗೆ ಹೋಯ್ತೀನಿ. ನೀವು ಇದಕ್ಕೆ ಮೊದ್ಲು ಹೆಸ್ರಿಟ್ಟು ಆಮೇಲ್ ಬನ್ನಿ."

"ಕಾಂತೂ, ಬಸ್ಸಲ್ಲಿ ಹೋದ್ರೆ ನನ್ ಮಾತು?"

"ನಿಮ್ ಮಾತ್ನ ನೀವೇ ತಿನ್ನಿ, ಹೊಟ್ಟೆ ತುಂಬ್ತೈತೆ" ಎಂದು ತಟ್ಟೆಯ ಮೇಲೆ ಸೆರಗು ಮುಚ್ಚಿ ಹೊರಟೇಹೋದಳು.

ಅವಳು ಓಣಿ ದಾಟಿ ಹೋಗಿ ಒಂದಷ್ಟು ಹೊತ್ತಾಗಿರಬಹುದು. ಅಂಜಿನಪ್ಪನ ಕಣ್ಣು ವೈರುಗಳ ಮೇಲೆ ಬಿತ್ತು. ಎಷ್ಟು ಓರಣ!

"ಯಾವನಯ್ಯಾ ವೈರು ಮುಟ್ಟಿದ್ದು?"

"ನಾನೇ ಕಣೋ, ಸಾಲಾಗಿಟ್ಟೆ" ಎಂದ ಕೆಂಚಪ್ಪ, ಮೆಚ್ಚುಗೆ ಬರಲಿ ಎಂದು ಕಾದು.

"ಒಂದು ಮೂರು ನಾಕು ಎರಡು! ಇದ್ರಾಗೆ ಕಿಡಿ ಹಾರೋ ಸರದೀನೇ ಹಂಗೆ!"

"ಒಂದಾದ್ಮ್ಯಾಲೆ ಮೂರಾ? ಯಾವ ಸ್ಕೂಲಲ್ಲಿ ಓದಿದ್ಯೋ ನೀನು?"

ವೈರು ಬದಲಾದವು. ಅಂಜಿನಪ್ಪ ಸ್ಟಾರ್ಟರ್ ಎಳೆದ. ಒಂದು ಕೊನೆಯ ಢಮ್ ಹೊಡೆದು, ಇಂಜಿನ್ ಹೊರಟೇಬಿಟ್ಟಿತು! ಕೊಬ್ಬರಿ ಮೆಂತ್ಯದ ಹೊಗೆ ಓಣಿ ತುಂಬ ಘಮ್ಮೆಂದಿತು. ಅಂಜಿನಪ್ಪ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದ. ಸದ್ದು ಹೊಲಿಗೆ ಮಿಷನ್ನಿನ ಹಾಗೆ ಇಳಿಯಿತು. ಸ್ಟೀರಿಂಗ್ ಮುಂದೆ ಆಯಿಲ್ಲಿನ ಒತ್ತಡ ತೋರುವ ಮುಳ್ಳು ಎದ್ದು ನೆಟ್ಟಗೆ ನಿಂತಿತು.

"ಬಸ್ಸು ಹೊರಡೋದ್ರೊಳಗೆ ಅವಳ್ನ ಹಿಡೀಬೇಕು!" ಚಿಕ್ಕಬೀರಪ್ಪ ಸ್ಟೀರಿಂಗ್ ಹಿಂದೆ ಹಾರಿ ಕೂತ. ತಿರುಗಿ ನೋಡಿದರೆ ಕಾರು ತುಂಬಿತ್ತು. ಮುಳ್ಳು ನೋಡಲು ಅಂಜಿನಪ್ಪ ಪಕ್ಕದಲ್ಲಿ. ದಾರಿಯಲ್ಲಿ ಕೆಟ್ಟರೆ ಹೇಳಿಕೊಡಲು ಕೆಂಚಪ್ಪ ಹಿಂದೆ. ಮೊಮ್ಮಗುವಿನಂಥ ಇಂಜಿನ್ನನ್ನು ಒಂಟಿಯಾಗಿ ಕಳಿಸಲಾರದೆ ಹಾಲಮ್ಮ. ಹಪ್ಪಳದ ನಷ್ಟಕ್ಕೆ ಹೋಳಿಗೆಯಾದರೂ ಸಿಗಲಿ ಎಂದು ತೀರ್ಥಮ್ಮ. "ಕಾಂತೂ ಹತ್ತಿದ್ರೆ ಒತ್ಕಂಡ್ ಕೂರ್ತೀವಿ ಬಿಡು" ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿರಲಿಲ್ಲ. ಬೀಡಾ ಅಂಗಡಿಯವನು, "ಕಡೂರ್ ಬಸ್ಸಾ? ಈಗಿನ್ನೂ ಹೋಯ್ತು" ಎಂದ.

"ನಮ್ಮನೆಯೋಳು?"

"ತಟ್ಟೆ ಹಿಡ್ಕಂಡು ಹತ್ತಿದ್ನ ಈ ಕಣ್ಣಲ್ಲೇ ನೋಡಿವ್ನಿ."

ಬೆನ್ನಟ್ಟುವುದು ಶುರುವಾಯಿತು. ಚಿಕ್ಕಬೀರಪ್ಪ ಆಕ್ಸಿಲರೇಟರ್ ತುಳಿದ. ಅಂಜಿನಪ್ಪ ಅವನ ಮೊಣಕಾಲು ಹಿಡಿದುಕೊಂಡ. "ಅಣ್ಣಾ! ಹೊಸಾ ರಿಂಗು. ಮೂವತ್ತರ ಮ್ಯಾಲೆ ಹೊಡೆದ್ರೆ ಮುಗೀತು!"

ಹೀಗೆ ಒಂದು ಕಾರು ಒಂದು ಬಸ್ಸನ್ನು, ಎಮ್ಮೆ ಕೆರೆಗೆ ಹೋಗುವ ವೇಗದಲ್ಲಿ ಬೆನ್ನಟ್ಟಿತು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ಗಂಟೆ ಬಾರಿಸಿ ದಾರಿ ಕೇಳಿತು, ಕೊಟ್ಟರು. ಆಗಾಗ ಅಂಜಿನಪ್ಪ ನಿಲ್ಲಿಸಿ ಬಾನೆಟ್ ಎತ್ತಿ ಆಯಿಲ್ ನೋಡುತ್ತಿದ್ದ. ನಿಂತಾಗಲೆಲ್ಲ ಕೆಂಚಪ್ಪ ಇಳಿದು ಹಿಂದೆ ಹೋಗಿ ಕೆಂಪು ಬಾವುಟ ಹಿಡಿಯುತ್ತಿದ್ದ. ಬೀರೂರಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಕಂಬಿಯ ಮೇಲೆ ರೈಲಿನ ಸುಳಿವೇ ಇರಲಿಲ್ಲ.

"ಕೆಂಚಪ್ಪಮಾಮ, ನಿಮ್ಮೋನೇ ಅಲ್ವಾ ಗೇಟೋನು? ಒಂದ್ ಮಾತು ಹೇಳಿ!" ಚಿಕ್ಕಬೀರಪ್ಪ ಕೈಮುಗಿದ.

ಕೆಂಚಪ್ಪ ಇಳಿದು ಹೋದ. ಗೇಟಿನವನು ಆಗಲೇ ಗೇಟು ಎತ್ತಲು ಕೈ ಹಾಕಿದ್ದ. ಕೆಂಚಪ್ಪ ತಡೆದ. "ಗಾಡಿ ಪಾಸಾಗ್ದೆ ಎತ್ತೀಯೇನಯ್ಯಾ? ನನ್ ಕಾಲದಾಗೆ ಕಲೆಕ್ಟ್ರು ಬಂದ್ರೂ ಎತ್ತಿದೋನಲ್ಲ ನಾನು!" ಗೇಟಿನವನು ಹೆದರಿ ಕೈ ತೆಗೆದ. ಬಹಳ ಹೊತ್ತಿನ ಮೇಲೆ ಒಂದು ಗೂಡ್ಸ್ ಗಾಡಿ ಆಕಳಿಸುತ್ತಾ ಬಂದು ಹೋಯಿತು.

ಕಡೂರಿನಲ್ಲಿ ಆ ಬಸ್ಸು ಖಾಲಿಯಾಗಿ ನಿಂತಿತ್ತು. ಚೌಳಹಿರಿಯೂರಿನ ಬಸ್ಸು ಆಗಲೇ ಹೋಗಿತ್ತು. ಚಿಕ್ಕಬೀರಪ್ಪನಿಗೆ ಒಂದೇ ಆಸೆ ಉಳಿದಿತ್ತು. ಊರ ಬಾಗಿಲಲ್ಲಾದರೂ ಅವಳನ್ನು ಬೇಡಿಕೊಂಡು ಹತ್ತಿಸಿಕೊಂಡು, ಅಂಗಳಕ್ಕೆ ಕರೆತಂದು ಇಳಿಸಿಬಿಡಬೇಕು.

ಆದರೆ ಊರ ಬಾಗಿಲಲ್ಲಿ ಕಾಂತಮ್ಮನಿರಲಿಲ್ಲ. ಇದ್ದವರು ಮಕ್ಕಳು. ಅವರು ಕಾರಿನ ಮುಂದೆ ಕೂಗುತ್ತಾ ಓಡಿದರು. ಕಾರು ಅಂಗಳ ತಲುಪುವ ಹೊತ್ತಿಗೆ ಲಿಂಗಮ್ಮ ಆರತಿ ತಟ್ಟೆ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದಳು. "ನನ್ನಪ್ಪ, ಮಾತು ಉಳಿಸ್ಕಂಡೆ! ಇಳಿಸಪ್ಪ ನನ್ ಮಗಳ್ನ!" ಈಗ ದಪ್ಪ ಮೀಸೆಯ ಯಜಮಾನನಾಗಿದ್ದ ಹನುಮಂತಪ್ಪ ತಾನೇ ಬಂದು ಹಿಂದಿನ ಬಾಗಿಲು ತೆಗೆದ.

ಇಳಿದದ್ದು ಕೆಂಚಪ್ಪ. ಹಸಿರು ಬಾವುಟ ಬೀಸಿದ. ಆಮೇಲೆ ತೀರ್ಥಮ್ಮ ಇಳಿದಳು. ಆಮೇಲೆ ಹಾಲಮ್ಮ.

ಹನುಮಂತಪ್ಪ ಸೀಟಿನಡಿಯಲ್ಲೂ ಬಗ್ಗಿ ನೋಡಿದ. "ಭಾವ, ಅಕ್ಕ ಎಲ್ಲಿ?"

"ಬಸ್ಸಲ್ಲಿ ಬರ್ಲಿಲ್ವಾ?"

"ಬಸ್ಸು ಬಂದು ಹೋಯ್ತು. ಅಕ್ಕ ಇರ್ಲಿಲ್ಲ."

ಚಿಕ್ಕಬೀರಪ್ಪ ಅಲ್ಲೇ ಕಾರು ತಿರುಗಿಸಲು ಹೊರಟ. ಲಿಂಗಮ್ಮ ತಡೆದಳು. "ನೀನ್ ಅತ್ತ ಹೋಗು, ಅವಳು ಇತ್ತ ಬರ್ಲಿ. ಸಂಜೀಗಂಟ ಇದೇ ಆಟ ಆಗ್ತೈತೆ. ಕೂತ್ಕೊ ಸುಮ್ನೆ."

ಮುಂದಿನ ಬಸ್ಸಿನಲ್ಲಿ ಕಾಂತಮ್ಮ ಬಂದಳು. ಸೀರೆ ಬಾಡಿತ್ತು, ಮುಖ ಕೆಂಡವಾಗಿತ್ತು. ಯಾರನ್ನೂ ನೋಡದೆ ಒಳಗೆ ಹೋದಳು, ಮಗುವಿನ ಕಿವಿಯಲ್ಲಿ ಹೆಸರು ಉಸುರಿದಳು, ತೊಟ್ಟಿಲು ತೂಗಿದಳು, ಆಮೇಲೆ ಹೊರಗೆ ಬಂದು ಗಂಡನ ಮುಂದೆ ನಿಂತಳು.

"ಬಸ್ಸು ಹೊರಟು ತಿರುವು ದಾಟ್ತಿತ್ತು. ಢಮ್ ಅಂತು. ಆಮೇಲೆ ಸದ್ದು ನೆಟ್ಟಗಾಯ್ತು. ನಮ್ಮ ಯಜಮಾನ್ರ ಕಾರು ಹೊರಡ್ತು ಅಂತ ಬಸ್ಸು ನಿಲ್ಸಿ ಇಳ್ದೆ. ಕಂಡಕ್ಟ್ರು ಬೈದ. ಎಷ್ಟ್ ವರ್ಷದ ಮಾತು, ಮುರೀಬಾರ್ದು ಅಂತ ಸಂತೆಮಾಳದ ಒಳದಾರೀಲಿ ಮನೆಗೆ ಓಡಿದ್ರೆ, ಅಂಗಳದಾಗೆ ಏನಿತ್ತು? ಎಣ್ಣೆ ಮಡು, ಚೂರಾದ ಹಪ್ಪಳ!"

"ನಿನ್ನ ಹಿಡಿಯಾಕೇ ಕಣೇ ನಾನು ಬಸ್ಸಿನ ಹಿಂದೆ..."

"ಓಣಿಯೋರ್ನೆಲ್ಲ ತುಂಬ್ಕಂಡ್ ಬಂದಿದ್ದೀರಿ. ಒಬ್ಬಳನ್ನ ಬಿಟ್ಟು."

ಹನುಮಂತಪ್ಪ ನಡುವೆ ಬಂದ. ಅವನೂ ಈಗ ಮಾಗಿದ್ದ. ಭಾವನನ್ನು ಒಂದು ದಿನವಾದರೂ ಪಂಕ್ತಿಯಲ್ಲಿ ನೋಡುವ ಆಸೆಯಿತ್ತು. "ಏನೂ ಕೆಟ್ಟಿಲ್ಲ ಬಿಡಿ. ಅಕ್ಕ ಊರಬಾಗ್ಲಿಗೆ ನಡ್ಕಂಡ್ ಹೋಗ್ಲಿ. ಅಲ್ಲಿ ಕಾರು ಹತ್ಲಿ. ಭಾವ ತಂದು ಇಲ್ಲಿ ಇಳಿಸ್ಲಿ. ಮಾತು ನಡೀತು, ಎಲೆ ಹಾಕು!"

ಊರೆಲ್ಲ ಭೇಷ್ ಎಂದಿತು. ಲಿಂಗಮ್ಮ ಆಗಲೇ ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಚಿಕ್ಕಬೀರಪ್ಪ ಓಡಿ ಹೋಗಿ ಸ್ಟಾರ್ಟರ್ ಎಳೆದ. ಇಂಜಿನ್ ಒಂದೇ ಎಳೆತಕ್ಕೆ, ಕೆಮ್ಮದೆ, ಒದೆಯದೆ, ಹೂವಿನ ಹಾಗೆ ಹೊರಟಿತು. ಆಯಿಲ್ಲಿನ ಮುಳ್ಳು ಸಲಾಮು ಹೊಡೆಯಿತು.

"ಬಾರೇ ಕಾಂತೂ."

ಕಾಂತಮ್ಮ ಜಗಲಿಯ ಮೇಲೆ ಕೂತಳು. "ನಾನು ಒಲ್ಲೆ."

"ಇಷ್ಟ್ ವರ್ಷದ ಮಾತು ಕಣೇ!"

"ಮಾತು ಕೊಟ್ಟೋರು ನೀವು. ತಗಂಡೋನು ನನ್ ತಮ್ಮ. ಕಾರಲ್ಲಿ ಕೂರ್ತೀನಿ ಅಂತ ನಾನು ಯಾವತ್ ಮಾತು ಕೊಟ್ಟಿದ್ದೆ? ನನ್ನ ಯಾರಾನ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಮದುವೆಯ ಪಂಕ್ತಿಯಲ್ಲಿ ನಕ್ಕವರನ್ನೆಲ್ಲ ಅಲ್ಲೇ ನಿಲ್ಲಿಸಿ ವಿಚಾರಿಸಿದರೂ, ಅವಳನ್ನು ಕೇಳಿದವರು ಒಬ್ಬರೂ ಸಿಗುತ್ತಿರಲಿಲ್ಲ.

ಲಿಂಗಮ್ಮ ಬೇಡಿದಳು, ಹಾಲಮ್ಮ ಗದರಿದಳು, ಕೆಂಚಪ್ಪ ಹಸಿರು ಬಾವುಟ ತೋರಿಸಿದ. ಕಾಂತಮ್ಮ ಅಲುಗಲಿಲ್ಲ. ಕೊನೆಗೆ, ಓಡುತ್ತಿ‌ರುವ ಇಂಜಿನ್ನನ್ನು ಸುಮ್ಮನೆ ಯಾಕೆ ಬಿಡಬೇಕೆಂದು ಅಂಜಿನಪ್ಪ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆದ. ಆಮೇಲೆ ಹೆಂಗಸರು, ಆಮೇಲೆ ಮುದುಕರು, ಆಮೇಲೆ ತೊಟ್ಟಿಲಿನ ಮಗು. ಸಂಜೆಯವರೆಗೆ ಕಾರು ಮೂವತ್ತರ ವೇಗದಲ್ಲಿ ಚೌಳಹಿರಿಯೂರನ್ನು ಪ್ರದಕ್ಷಿಣೆ ಮಾಡುತ್ತಲೇ ಇತ್ತು. ಇಳಿದವರು ಇಳಿದ ಹಾಗೆ ಊಟಕ್ಕೆ ಕೂತರು. ತೀರ್ಥಮ್ಮ ಎರಡು ಪಂಕ್ತಿಯಲ್ಲಿ ಕೂತಳು.

ಊರಿಗೆ ಊರೇ ಕಾರು ಹತ್ತಿತು, ಕಾಂತಮ್ಮ ಹತ್ತಲಿಲ್ಲ. ಮಾವನ ಮನೆಯ ಅನ್ನವನ್ನು ಚಿಕ್ಕಬೀರಪ್ಪ ಆವತ್ತೂ ಮುಟ್ಟಲಿಲ್ಲ. ಕೊಟ್ಟ ಮಾತು ಉಳಿಯಿತು.